ಹೆಸರು ಹೇಳಿ ಮುಟ್ಟುವುದು

ಮೆಡಿಕಲ್ ಕಾಲೇಜಿನಲ್ಲಿ ಅಂಗರಚನೆ ಕಲಿಸುತ್ತಿದ್ದ ಕಮಲಾಕರರದ್ದು ಒಂದು ಹಟ. ಎಲುಬಿನ ಲ್ಯಾಟಿನ್ ಹೆಸರು, ಅದರ ಹುಟ್ಟು, ಲಿಂಗ, ವಚನ ಹೇಳದೆ ವಿದ್ಯಾರ್ಥಿಗಳು ಹೆಣ ಮುಟ್ಟುವಂತಿರಲಿಲ್ಲ. ಕೊರಳ ಕೆಳಗಿನ ಅಡ್ಡ ಎಲುಬು ಕ್ಲಾವಿಕ್ಯುಲ. ಕ್ಲಾವಿಸ್ ಎಂದರೆ ಬೀಗದ ಕೈ, ಇದು ಪುಟ್ಟ ಬೀಗದ ಕೈ, ಸ್ತ್ರೀಲಿಂಗ, ಬಹುವಚನ ಕ್ಲಾವಿಕ್ಯುಲೆ. ತೋಳೆತ್ತಿದಾಗ ಕೀಲಿಯ ಹಾಗೆ ತಿರುಗುತ್ತದೆಂದು ಆ ಹೆಸರು ಬಂತಂತೆ. ಹುಡುಗರು ಬೆನ್ನ ಹಿಂದೆ ಕಿಸಕ್ಕನೆ ನಗುತ್ತಿದ್ದರು. ನಗಲಿ ಬಿಡಿ, ಸತ್ತವರಿಗೆ ನಮಸ್ಕಾರ ಹೇಳಲು ಮೇಷ್ಟರಿಗೆ ಗೊತ್ತಿದ್ದ ದಾರಿ ಅದೊಂದೇ.

ಹೆಂಡತಿ ವಿನೋದಾ ತ್ರಿಪ್ಲಿಕೇನಿನ ಉಡುಪಿ ಹೋಟೆಲಿನವರ ಮಗಳು. ಸತ್ತ ಮೇಲೆ ತನ್ನ ದೇಹವನ್ನೂ ಅದೇ ಕಾಲೇಜಿಗೆ ಕೊಡಬೇಕೆಂದು ಬರೆದುಕೊಟ್ಟಿದ್ದಳು. "ನನ್ನನ್ನೂ ಹಾಗೇ ಹೆಸರು ಹೇಳಿ ಮುಟ್ಲಿ" ಅಂದಿದ್ದಳು. ಅವರು ನಕ್ಕುಬಿಟ್ಟಿದ್ದರು.

೨೦೦೩ರ ಬೇಸಿಗೆಯಲ್ಲಿ ವಿನೋದಾ ತೀರಿಕೊಂಡಳು. ಕೋಡಂಬಾಕ್ಕಂನ ಮನೆಯೆದುರು ಕಾಲೇಜಿನ ವ್ಯಾನು ಬಂದು ನಿಂತಿತು. ಅವಳ ತಮ್ಮ ಜಯರಾಮ ಬಾಗಿಲಿಗೆ ಅಡ್ಡ ನಿಂತ.

"ಒಂದು ಹಿಡಿ ಬೂದಿಯೂ ಇಲ್ಲದಿದ್ರೆ ಕಡಲಿಗೆ ಏನು ಬಿಡುದು ಭಾವ?"

ಕಾಲೇಜಿಗೆ ದೇಹ ತರಲು ಹೋದ ಎಷ್ಟೋ ಮನೆಗಳ ಹೊಸ್ತಿಲಲ್ಲಿ ಕಮಲಾಕರರು ಇದೇ ಪ್ರಶ್ನೆಗೆ ಸಲೀಸಾಗಿ ಉತ್ತರಿಸಿದ್ದರು. ಇಂದು ಕಳಿಸಲು ಕರುಳು ಒಪ್ಪದು, ಕಳಿಸದಿದ್ದರೆ ಅವಳ ಮಾತು ಮುರಿದಂತೆ. ವ್ಯಾನಿನೊಂದಿಗೆ ಬಂದವನು ತಿರುಮಲ; ಅವರ ಹಳೆಯ ವಿದ್ಯಾರ್ಥಿ, ಈಗ ಅಲ್ಲಿಯೇ ಮೇಷ್ಟರು.

"ಈಗಲೂ ಹೆಸರು ಹೇಳಿಸ್ತೀರಾ ತಿರುಮಲ?"

ತಿರುಮಲ ತಲೆ ತಗ್ಗಿಸಿದ. "ಇಲ್ಲ ಸಾರ್. ನೀವು ರಿಟೈರ್ ಆದ್ಮೇಲೆ ನಿಂತುಹೋಯ್ತು. ಈಗ ಬರೀ ಟಿಕ್ ಹಾಕೋ ಪರೀಕ್ಷೆ."

"ಕೇಳಿದ್ರಲ್ಲ?" ಎಂದ ಜಯರಾಮ. "ಸುಮ್ನೆ ಕೊಯ್ತಾರೆ, ಅಷ್ಟೇ."

 ಕಮಲಾಕರರು ಬಗ್ಗಿ ವಿನೋದಾಳ ಸೆರಗನ್ನು ಕೊರಳ ತನಕ ಎಳೆದರು. ಅಲ್ಲಿ ಕೈ ಸ್ವಲ್ಪ ಹೊತ್ತು ನಿಂತಿತು.

"ಹೊಸ ಹುಡುಗರಿಗೆ ಮೊದಲ ಕ್ಲಾಸು ನಾನೇ ತಗೊಳ್ತೇನೆ. ಇವಳ ಮೇಜಿನ ಹತ್ರ ನಿಂತು. ನಿಮ್ಮ ಡೀನ್ ಹತ್ರ ಹೇಳು."

ತಿರುಮಲ ತಲೆಯಾಡಿಸಿದ. ಜಯರಾಮನಿಗೆ ಸಿಟ್ಟು ಇಳಿದು ಗಾಬರಿಯಾಯಿತು.

"ಅಲ್ಲಿ ಅಕ್ಕನ್ನ ಹಾಗೆ ನೋಡ್ಲಿಕ್ಕೆ ನಿಮ್ಮಿಂದ ಆಗ್ತದಾ ಭಾವ?"

"ಆಗುದಿಲ್ಲ," ಎಂದರು ಕಮಲಾಕರರು. "ಆದ್ರೂ ಹೋಗ್ತೇನೆ."

ಜಯರಾಮ ಬಾಗಿಲು ಬಿಟ್ಟು ಬಂದು ಅಕ್ಕನನ್ನು ಎತ್ತಲು ತಲೆಯ ಕಡೆ ಕೈಹಾಕಿದ.