ಉಪ್ಪು ನೋಡುವ ಕೆಲಸ

ನನ್ನ ಹೆಂಡತಿ ಕಾಲೇಜಿನಲ್ಲಿ ಮನಃಶಾಸ್ತ್ರ ಪಾಠ ಮಾಡುತ್ತಾಳೆ. ಹದಿನೆಂಟು ದಾಟಿದ ಹುಡುಗ ಹುಡುಗಿಯರಿಗೆ ಹಣ್ಣು, ತರಕಾರಿ ತಿನ್ನುವ ಅಭ್ಯಾಸ ಹತ್ತಿಸುವುದು ಹೇಗೆ ಎಂಬುದು ಅವಳ ಸಂಶೋಧನೆ. “ತಿನ್ನಿ ತಿನ್ನಿ ಅಂತ ಬೆನ್ನು ಹತ್ತಬಾರದು. ಹತ್ತಿದಷ್ಟೂ ಹಟ ಜಾಸ್ತಿ ಆಗುತ್ತೆ. ಅವರೇ ಆರಿಸ್ಬೇಕು, ಅವರೇ ಹೆಚ್ಚಬೇಕು, ಇನ್ನೊಬ್ಬರಿಗೆ ಬಡಿಸ್ಬೇಕು. ಆಗ ಅದು ಅವರ ಊಟ ಅನ್ಸುತ್ತೆ” ಎಂದು ಸಭೆಗಳಲ್ಲಿ ಹೇಳುತ್ತಾಳೆ. ನಾನೂ ಒಮ್ಮೆ ಹಿಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದೇನೆ.

ಮನೆಗೆ ಬಂದರೆ ಮಾತ್ರ ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಗಾದೆಯ ಬದನೆಕಾಯಿಯನ್ನಾದರೂ ಯಾರೋ ತಿಂದರು. ನಮ್ಮ ಮನೆಯದನ್ನು ಗುಂಡ ತಟ್ಟೆಯ ಅಂಚಿಗೆ ತಳ್ಳುತ್ತಿದ್ದ, ಇವಳು ಮತ್ತೆ ನಡುವಿಗೆ ತಳ್ಳುತ್ತಿದ್ದಳು.

ಗುಂಡ ಅವಳ ತಮ್ಮ. ಹುಟ್ಟಿದಾಗ ಗುಂಡಗಿದ್ದನಂತೆ, ಈಗ ನನ್ನ ಅಳತೆ ಟೇಪಿನ ಹಾಗಿದ್ದಾನೆ. ನಾನು ಟೈಲರ್, ಸುಳ್ಳು ಅಳತೆ ಹೇಳುವುದಿಲ್ಲ. ತಾಯಿ ತೀರಿಕೊಂಡ ಮೇಲೆ ಅಕ್ಕನ ಮಡಿಲಲ್ಲೇ ಬೆಳೆದ ಹುಡುಗ. ಈಗ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಊಟ ಅಂದರೆ ಅವನಿಗೆ ಚಿಪ್ಸ್, ನೂಡಲ್ಸ್, ಕರಿದ ಕೋಳಿ. ಹಸಿರು ಬಣ್ಣ ಅಂಗಿಯ ಮೇಲಿದ್ದರೆ ಸಾಕು, ತಟ್ಟೆಯಲ್ಲಿ ಬೇಡ.

ದಿನಾ ಮಧ್ಯಾಹ್ನ ಒಂದು ಹಣ್ಣು ತಿಂದು ಅದರ ಫೋಟೋ ಕಳಿಸು ಎಂದು ಇವಳು ತಾಕೀತು ಮಾಡಿದಳು. ಗುಂಡ ತಪ್ಪದೆ ಬಾಳೆಹಣ್ಣಿನ ಫೋಟೋ ಕಳಿಸತೊಡಗಿದ. “ನೋಡಿದ್ರಾ, ದಾರಿಗೆ ಬಂದ!” ಎಂದು ಅವಳು ಫೋನನ್ನು ನನ್ನ ಮೂಗಿಗೆ ಹಿಡಿದಳು. ಚೌಕಳಿ ಬಟ್ಟೆಯ ಗೆರೆಗೆ ಗೆರೆ ಕೂಡಿಸಿ ಹೊಲಿಯುವವನ ಕಣ್ಣು ನನ್ನದು. ತೊಟ್ಟಿನ ಹತ್ತಿರ ಒಂದು ಕಪ್ಪು ಚುಕ್ಕೆ, ಮರುದಿನವೂ ಅಲ್ಲೇ, ಅದರ ಮರುದಿನವೂ ಅಲ್ಲೇ. ಊರ ಉಸಾಬರಿ ನನಗೇಕೆ ಎಂದು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಕೂತೆ. ಆದರೆ ಅವಳೂ ಕುರುಡಿಯಲ್ಲವಲ್ಲ.

“ಒಂದೇ ಹಣ್ಣು ಕಣೋ ಇದು! ಒಂದೇ ದಿನ ತೆಗೆದು ದಿನಕ್ಕೊಂದು ಕಳಿಸ್ತಿದ್ದೀಯ! ಅಕ್ಕನಿಗೇ ಟೋಪಿ ಹಾಕ್ತೀಯಾ?”

“ಇನ್ನೇನ್ ಮಾಡ್ಲಿ? ಬೆಳಗ್ಗೆ ಸೊಪ್ಪು, ರಾತ್ರಿ ಭಾಷಣ. ನಿನ್ನ ಕಾಲೇಜಿನ ಇಲಿ ಅಲ್ಲ ಅಕ್ಕ ನಾನು. ಫ್ರೆಂಡ್ ಒಂದು ರೂಮ್ ನೋಡಿದಾನೆ. ಬರೋ ತಿಂಗಳು ಅಲ್ಲಿಗೇ ಹೋಗ್ತೀನಿ.”

“ಹೋಗ್ಲಿ ಬಿಡಿ, ಕಾಲ ಮೇಲೆ ನಿಲ್ಲೋ ವಯಸ್ಸು” ಎಂದಳು ನನ್ನವಳು. ಆದರೆ ಅವನು ಬಿಟ್ಟುಹೋದ ತಟ್ಟೆಯನ್ನು ತೊಳೆದದ್ದೇ ತೊಳೆದದ್ದು. ಆ ತಟ್ಟೆ ಇನ್ನು ಕಪಾಟಿನಲ್ಲೇ ಉಳಿಯುತ್ತದಲ್ಲ ಎಂದು ನನಗೂ ಅನ್ನಿಸಿತು. ಕಾಲೆಳೆಯಲು ಒಬ್ಬ ಭಾಮೈದ ಇಲ್ಲದಿದ್ದರೆ ಆ ಮನೆಯೇನು ಚೆನ್ನ?

ಅದೇ ವಾರ ಅವಳು ಕಾಲೇಜಿನ ಮೆಟ್ಟಿಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಮುಂಗೈಗೆ ಪ್ಲಾಸ್ಟರ್ ಬಿತ್ತು. ಕೈಯನ್ನು ಕುತ್ತಿಗೆಗೆ ತೂಗುಹಾಕಲು ಕೋಟಿನ ಒಳಪದರದ ನೀಲಿ ಬಟ್ಟೆಯಲ್ಲಿ ನಾನೇ ಒಂದು ಜೋಲಿ ಹೊಲಿದೆ. ಬಲಗೈಗೆ ಸರಿಯಾಗಿ ಅಳತೆ ತೆಗೆದು, ಹೊಲಿಗೆ ಒಳಗಡೆ ಬರುವ ಹಾಗೆ.

“ಅಕ್ಕನ ಕೈ ಸರಿ ಹೋಗೋವರೆಗೆ ಇರ್ತೀನಿ. ಆಮೇಲೆ ಹೊರಟೆ” ಎಂದ ಗುಂಡ.

ನನ್ನ ಅಡುಗೆಯನ್ನು ನಾಯಿಯೂ ಮೂಸುವುದಿಲ್ಲ. ಹೀಗಾಗಿ ಚಾಕು ಗುಂಡನ ಕೈಗೆ ಬಂತು. ಫೋನಿನ ತಿರುಪುಗಳನ್ನು ಜೋಡಿಸಿಡುವವನಲ್ಲವೇ, ಒದ್ದೆ ಬಟ್ಟೆಯ ಮೇಲೆ ಬೀನ್ಸನ್ನು ಸಾಲಾಗಿ ಮಲಗಿಸಿ ಒಂದೇ ಉದ್ದಕ್ಕೆ ಹೆಚ್ಚಿದ. ಎಡಗೈಯಲ್ಲಿ ಚಮಚ ಹಿಡಿದು ಅಕ್ಕ ಅರ್ಧ ಊಟವನ್ನು ಸೆರಗಿಗೆ ಉಣಿಸುವುದನ್ನು ನೋಡಲಾರದೆ, ಪಕ್ಕದಲ್ಲಿ ಕೂತು ತಾನೇ ತುತ್ತಿಟ್ಟ. ನೋವಿಗೆ ಬಾಯಿ ರುಚಿ ಕೆಟ್ಟು ಅವಳು ಮುಖ ತಿರುಗಿಸಿದಳು.

“ಬೇಡ ಕಣೋ, ಸೇರಲ್ಲ.”

“ಹಾಗಂದ್ರೆ ಮೂಳೆ ಕೂಡುತ್ತಾ? ಸೊಪ್ಪು ತಿನ್ನು, ಬಾಯಿ ತೆಗಿ.”

“ಉಪ್ಪು ಸರಿ ಇದೆಯಾ? ನೀನೇ ನೋಡು.”

ಮಾಡಿದವನು ಉಪ್ಪು ನೋಡದೆ ಆಗುತ್ತದೆಯೇ? ಒಂದು ಚೂರು ಬಾಯಿಗಿಟ್ಟು, ಮುಖ ಕಿವುಚಿ ನುಂಗಿದ. ಮರುದಿನ ಅಷ್ಟು ಕಿವುಚಲಿಲ್ಲ. ಆಮೇಲೆ ಅಕ್ಕನಿಗೊಂದು ತುತ್ತು, ತನಗೊಂದು ತುತ್ತು ಎಂದಾಯಿತು. ಒಂದು ದಿನ ನಾನು ತಂದ ಬೀನ್ಸ್ ಕಂಡು, “ಬಲಿತಿದೆ ಭಾವ, ಮುರಿದು ನೋಡಿ ತರಬಾರದಾ?” ಎಂದು ನನಗೇ ಪಾಠ ಹೇಳಿದ. ನಾನು ಹೆಂಡತಿಯ ಕಡೆ ನೋಡಿದೆ. ಅವಳು ನೆಲ ನೋಡುತ್ತಿದ್ದಳು. ಹೊಗಳಿಕೆಯ ಒಂದು ಮಾತು ಬಿದ್ದರೂ ಎಲ್ಲ ಕೆಡುತ್ತದೆಂದು ಅವಳಿಗೆ ಗೊತ್ತಿತ್ತು. ಆ ಬಾಯಿ ಅಷ್ಟು ದಿನ ಸುಮ್ಮನಿದ್ದದ್ದನ್ನು ನಮ್ಮ ಮದುವೆಯಾದಾಗಿನಿಂದ ನಾನು ಕಂಡಿರಲಿಲ್ಲ.

ಪ್ಲಾಸ್ಟರ್ ಬಿಚ್ಚಿದರು. ಮೂಳೆ ಚೆನ್ನಾಗಿ ಕೂಡಿದೆ, ಇನ್ನು ಕೈ ಆಡಿಸಿ ಎಂದರು ಡಾಕ್ಟರು. ಆಸ್ಪತ್ರೆಯ ಗೇಟು ದಾಟುವ ಮೊದಲೇ ಇವಳು ಜೋಲಿಯನ್ನು ಮತ್ತೆ ಕುತ್ತಿಗೆಗೆ ಹಾಕಿಕೊಂಡಳು.

“ರೀ, ಇನ್ನೂ ಸ್ವಲ್ಪ ದಿನ ಕೈ ಅಲ್ಲಾಡಿಸ್ಬಾರದು ಅಂದ್ರು ಅಂತ ಹೇಳಿ ಅವನಿಗೆ.”

“ಮನಃಶಾಸ್ತ್ರದಲ್ಲಿ ಇದಕ್ಕೇನಂತಾರೆ?”

“ಏನೂ ಅನ್ನಲ್ಲ. ಅವನು ಹೊರಟುಹೋಗ್ತಾನೆ ರೀ” ಎಂದಳು. ನಾನು ಚೇಷ್ಟೆ ಬಿಟ್ಟೆ.

ಅಂದಿನಿಂದ ತಮ್ಮ ಹೊರಗೆ ಹೋದರೆ ಜೋಲಿ ಮೊಳೆಗೆ, ಅವನ ಸ್ಕೂಟರ್ ಸದ್ದು ಕೇಳಿದರೆ ಕುತ್ತಿಗೆಗೆ. ನಾನು ಕಾವಲುಗಾರ. ಗುಂಡ ಎಂದಿನಂತೆ ಹೆಚ್ಚುತ್ತಿದ್ದ, ಬೇಯಿಸುತ್ತಿದ್ದ, ತುತ್ತಿಡುತ್ತಿದ್ದ.

ಒಂದು ಸಂಜೆ ಅವಳು ಎರಡೂ ಕೈಯಲ್ಲಿ ಕಿತ್ತಳೆ ಸುಲಿಯುತ್ತಿದ್ದಳು. ನಾನು ಅಂಗಿಯ ಗುಂಡಿಗಳಿಗೆ ಕಾಜಾ ಹಾಕುವುದರಲ್ಲಿ ಮುಳುಗಿ ಸ್ಕೂಟರ್ ಸದ್ದನ್ನು ಗಮನಿಸಲಿಲ್ಲ. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿದಾಗಲೇ ಎಚ್ಚರ. ಅವಳು ಸಿಪ್ಪೆಯನ್ನು ದಿಂಬಿನಡಿ ತುರುಕಿ, ಜೋಲಿ ಎಳೆದು ಹಾಕಿಕೊಂಡಳು. ಗುಂಡ ಒಳಬಂದ. ನನ್ನ ಕಣ್ಣು ಜೋಲಿಯ ಮೇಲೆ ಬಿತ್ತು. ನಾನು ಒಳಗಡೆ ಮುಚ್ಚಿದ್ದ ಹೊಲಿಗೆಯೆಲ್ಲ ಹೊರಗಿತ್ತು. ಜೋಲಿಯಲ್ಲಿ ಎಡಗೈ ಮಲಗಿತ್ತು.

ಮುಗಿಯಿತು, ಈ ಕಳ್ಳಾಟ ಬಾಳೆಹಣ್ಣಿಗಿಂತ ದೊಡ್ಡದಾಯಿತು, ಇವತ್ತೇ ಗಂಟುಮೂಟೆ ಕಟ್ಟುತ್ತಾನೆ ಎಂದುಕೊಂಡೆ. ಗುಂಡ ಅಕ್ಕನನ್ನು ಒಮ್ಮೆ ನೋಡಿದ. ನೇರ ಅಡುಗೆಮನೆಗೆ ಹೋದ. ಚಾಕುವಿನ ಸದ್ದು ಕೇಳಿಸಿತು.

ತಟ್ಟೆ ತಂದು ಕೂತ. ಅಕ್ಕನಿಗೊಂದು ತುತ್ತು, ತನಗೊಂದು ತುತ್ತು. ಅವಳಿಗಿನ್ನೂ ತನ್ನ ತಪ್ಪು ತಿಳಿದಿರಲಿಲ್ಲ. ನನಗೇ ತಡೆಯಲಾಗದೆ ಕೇಳಿಬಿಟ್ಟೆ.

“ರೂಮಿನ ವಿಷಯ ಏನಾಯ್ತೋ?”

“ಅಲ್ಲಿ ಒಲೆ ಇಲ್ಲ ಭಾವ. ಬೇಡ ಅಂದೆ, ಹೋದ ವಾರಾನೇ.”

ಖಾಲಿ ತಟ್ಟೆ ಎತ್ತಿಕೊಂಡು ಎದ್ದ. ಅಡುಗೆಮನೆಯ ಬಾಗಿಲಲ್ಲಿ, ಹಿಂದೆ ತಿರುಗದೆ ಹೇಳಿದ:

“ಅಕ್ಕ, ನಾಳೆ ಅದನ್ನ ಬಲಗೈಗೆ ಹಾಕ್ಕೋ. ಮುರಿದಿದ್ದು ಅದು.”

ನನ್ನವಳು ಕೆಳಗೆ ನೋಡಿಕೊಂಡಳು. ಆಮೇಲೆ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು.