ಕೊನೆಯ ತಿರುವಿನ ಮಾಟಗಾತಿ

ಮಾಟಗಾತಿ ಗುಹೆಯ ಮುಂದೆ ಮನರಂಜನಾ ಪಾರ್ಕಿನವರು ಒಂದು ಬೋರ್ಡು ತಗುಲಿಸಿದರು: 'ಶೀಘ್ರದಲ್ಲೇ ಹೊಸ ರೂಪದಲ್ಲಿ!' ಅಷ್ಟೇ. ಯಾವ ರೂಪ, ಯಾವಾಗ, ಹಳೆಯ ರೂಪಕ್ಕೆ ಏನು ಧಾಡಿಯಾಗಿತ್ತು, ಒಂದಕ್ಕೂ ಉತ್ತರವಿಲ್ಲ. ಮರುದಿನವೇ ಗುಹೆಯ ಸುತ್ತ ಆಳೆತ್ತರದ ತಗಡಿನ ಬೇಲಿ ಎದ್ದಿತು. ಬೇಲಿ ಹಾಕಿಬಿಟ್ಟರೆ ಜನ ತೆಪ್ಪಗಿರುತ್ತಾರೆ ಎಂದು ಪಾರ್ಕಿನವರು ನಂಬಿದ್ದರೋ ಏನೋ, ಪಾಪ. ಗುಹೆಯ ಅಭಿಮಾನಿಗಳ ಬಳಗ ಅವರಿಗೆ ಇನ್ನೂ ಸರಿಯಾಗಿ ಗೊತ್ತಿರಲಿಲ್ಲ.

ಬಳಗವಿದ್ದದ್ದು ಫೋನಿನೊಳಗೆ. ಅದರ ಮುಖ್ಯಸ್ಥರು ಹಲ್ಲಿನ ಡಾಕ್ಟರು. ದಿನವಿಡೀ ಕಂಡವರ ಬಾಯೊಳಗೆ ಟಾರ್ಚು ಬಿಟ್ಟು ನೋಡುವ ಈ ಮನುಷ್ಯನಿಗೆ ಬಿಡುವಿನ ವೇಳೆಯಲ್ಲೂ ಕತ್ತಲೆಯ ಗುಹೆಯೇ ಬೇಕಿತ್ತು. ಅವರ ಬಲಗೈ ಒಬ್ಬ ಬಸ್ ಡ್ರೈವರ್. ಪಾರ್ಕಿನ ಹಿಂದಿನ ಗೇಟಿನ ಹತ್ತಿರ ಬಂದಾಗಲೆಲ್ಲ ಬಸ್ಸನ್ನು ಆಮೆಯ ಹಾಗೆ ನಡೆಸಿ ಅವನು ಒಳಗೆ ಇಣುಕುವನು. ಪ್ರಯಾಣಿಕರು ಬೈಯುವರು. ಬೈಗುಳವನ್ನೂ ಸೇರಿಸಿಯೇ ಅವನು ಬಳಗಕ್ಕೆ ವರದಿ ಒಪ್ಪಿಸುವನು.

ಇವರಿಬ್ಬರಿಗಿಂತ ದೊಡ್ಡ ಆಸಾಮಿ ಇನ್ನೊಬ್ಬರಿದ್ದರು. ಹೆಸರು 'ಕೊನೆಯ ತಿರುವು'. ಅಸಲಿಗೆ ಅವರು ಯಾರೆಂದು ಒಬ್ಬರಿಗೂ ತಿಳಿಯದು. ನಿವೃತ್ತ ಎಂಜಿನಿಯರ್ ಇರಬೇಕೆಂದು ಡಾಕ್ಟರ ಊಹೆ, ಪಾರ್ಕಿನ ಧಣಿಯ ಭಾವಮೈದುನನೇ ಎಂದು ಡ್ರೈವರನ ಹಟ.

ನಿಜಕ್ಕೂ 'ಕೊನೆಯ ತಿರುವು' ಎಂದರೆ ಲಾಂಡ್ರಿ ಅಕ್ಕ. ಪೇಟೆಬೀದಿಯ ಮೂಲೆಯಲ್ಲಿ ಆಕೆಯ ಅಂಗಡಿ. ಡಾಕ್ಟರ ಬಿಳಿ ಕೋಟುಗಳು ಒಗೆತಕ್ಕೆ ಬರುತ್ತಿದ್ದದ್ದೂ ಅಲ್ಲಿಗೇ. ಬಟ್ಟೆಯ ಮೇಲಿನ ಕಲೆ ನೋಡಿ ಅದು ಎಲ್ಲಿ, ಹೇಗೆ, ಯಾರ ತಪ್ಪಿನಿಂದ ಆಯಿತೆಂದು ಹೇಳಬಲ್ಲವಳು. ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಒಂದು ಹುಬ್ಬು ಮೇಲೆತ್ತಿ, 'ಇದೇನು ಮಾಡಿಕೊಂಡು ಬಂದಿರಿ?' ಎಂಬಂತೆ ನೋಡಿದಳೆಂದರೆ ಗಿರಾಕಿಗಳು ಕೇಳದಿದ್ದರೂ ನಿಜ ಒಪ್ಪಿಕೊಳ್ಳುತ್ತಿದ್ದರು. ಆದರೆ ಅವಳ ಹೊಟ್ಟೆಯಲ್ಲಿ ಮಾತ್ರ ಒಂದು ಮಾತೂ ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಕೇಳಿದ್ದು ಮಧ್ಯಾಹ್ನದೊಳಗೆ ಬೀದಿಯ ಆ ತುದಿ ಮುಟ್ಟಿರುತ್ತಿತ್ತು.

ಹಾಗಿದ್ದೂ ಅವಳ ಬಾಯಿಂದ ಎಂದೂ ಹೊರಬೀಳದ ಗುಟ್ಟೊಂದಿತ್ತು. ಗುಹೆಯ ಕೊನೆಯ ತಿರುವಿನಲ್ಲಿ, ಪುಟ್ಟ ಗಾಡಿಗಳು ಕಿರ್ರೆಂದು ಹೊರಳುವಾಗ, ಹೊಗೆಯಾಡುವ ಕೊಪ್ಪರಿಗೆಯ ಹಿಂದಿನಿಂದ ಎದ್ದು ಬರುತ್ತಿದ್ದ ಮಾಟಗಾತಿಯ ಮುಖ ಅವಳದೇ.

ಅದು ಅವಳ ಗಂಡನ ಕೈಕೆಲಸ. ಪಾರ್ಕು ಕಟ್ಟುವಾಗ ಅವನು ಅಲ್ಲಿನ ವರ್ಕ್‌ಶಾಪಿಗೆ ಗೊಂಬೆ ಮಾಡಲು ಹೊಸದಾಗಿ ಸೇರಿದ್ದ, ಮದುವೆಯೂ ಹೊಸದು. ಮಾಟಗಾತಿಯ ತಲೆ ಬೇಗ ಬೇಕೆಂದು ಮೇಸ್ತ್ರಿ ಕುತ್ತಿಗೆಯ ಮೇಲೆ ಕೂತಿದ್ದ. ಗಂಡನಿಗೆ ಮಾಟಗಾತಿಯರ ಪರಿಚಯವಿರಲಿಲ್ಲ. ಎದುರಿಗಿದ್ದವಳನ್ನೇ ಕಿಟಕಿಯ ಪಕ್ಕ ಕೂರಿಸಿ, ಸಂಜೆಯಿಡೀ ನೋಡಿ ನೋಡಿ ಜೇಡಿಮಣ್ಣಿನಲ್ಲಿ ತಿದ್ದಿದ. ಯಾತಕ್ಕೆಂದು ಮಾತ್ರ ಹೇಳಲಿಲ್ಲ. ರಾಣಿಯ ಗೊಂಬೆಯಿರಬೇಕೆಂದು ಅವಳು ಕತ್ತು ನೆಟ್ಟಗೆ ಮಾಡಿ ಕೂತಿದ್ದೇ ಕೂತಿದ್ದು. ಗುಹೆ ಶುರುವಾದ ದಿನ ಗಾಡಿಯಲ್ಲಿ ಕೂತು ಅವಳು ಕಿರುಚಿದ ಕಿರುಚು ಭಯದ್ದಾಗಿರಲಿಲ್ಲ.

"ಮೂಗೊಂದನ್ನೇ ಕಣೇ ನಾನು ಉದ್ದ ಮಾಡಿದ್ದು," ಎಂದು ಗಂಡ ಗೋಗರೆದಿದ್ದ. ವಾರವಿಡೀ ಮನೆಯಲ್ಲಿ ಮಾತಿರಲಿಲ್ಲ.

ಆಮೇಲಾಮೇಲೆ ಅವಳಿಗೆ ಅದೇ ಹೆಮ್ಮೆಯಾಯಿತು. ರಜೆ ಸಿಕ್ಕಾಗಲೆಲ್ಲ ಗುಹೆಗೆ ಹೋಗುವಳು. ಕೊನೆಯ ತಿರುವಿನಲ್ಲಿ ಮಕ್ಕಳು ಚೀರಿದರೆ ಮೈಯುಬ್ಬುವುದು, ಚೀರದಿದ್ದರೆ ಮನೆಗೆ ಬಂದು ಗಂಡನ ಮೇಲೆ ಹಾಯುವುದು. "ಹೊಗೆ ಕಮ್ಮಿ ಆಗಿದೆ ಕಣ್ರೀ, ಮೇಸ್ತ್ರಿಗೆ ಹೇಳಿ." ಮಾಟಗಾತಿಗೆ ವಯಸ್ಸಾಗಲಿಲ್ಲ, ಇವಳಿಗೆ ಆಯಿತು. ಗಂಡನೂ ಕ್ರಮೇಣ ಮನೆಯಲ್ಲಿ ಅವಳಿರುವುದನ್ನು ಗೋಡೆಯಿರುವುದನ್ನು ಒಪ್ಪಿಕೊಂಡಂತೆ ಒಪ್ಪಿಕೊಂಡಿದ್ದ. ಅವಳ ಮುಖವನ್ನು ಒಬ್ಬ ಮನುಷ್ಯ ಅಷ್ಟು ಹೊತ್ತು, ಅಷ್ಟು ಪ್ರೀತಿಯಿಂದ ನೋಡಿದ್ದಕ್ಕೆ ಇದ್ದ ಸಾಕ್ಷಿ ಆ ಗೊಂಬೆಯೊಂದೇ. ಈಗ ಅದರ ಸುತ್ತ ತಗಡು ನಿಂತಿತ್ತು.

"ಮಾಟಗಾತಿನ ಏನ್ ಮಾಡ್ತಾರ್ರೀ?" ಎಂದು ಮೊದಲ ದಿನವೇ ಗಂಡನನ್ನು ಕೇಳಿದಳು.

"ಬಾಯಿ ಬಿಡಲ್ಲ ಅಂತ ಎಲ್ರೂ ಮಾತು ಕೊಟ್ಟಿದೀವಿ ಕಣೇ. ಕೆಲಸ ಹೋಗತ್ತೆ."

"ನಾನೇನು ಊರೆಲ್ಲ ಸಾರ್ಕೊಂಡು ಬರ್ತೀನಾ?"

ಗಂಡ ತಟ್ಟೆಗೆ ಬಗ್ಗಿದ.

ಬಾಯಿ ಬಿಡದಿದ್ದರೇನು, ಅಂಗಿಯಿತ್ತಲ್ಲ. ಆ ಸಂಜೆ ಅವನ ಅಂಗಿಯ ತೋಳಿನ ಮೇಲೆ ನೀಲಿ ಬಣ್ಣ ಕಂಡಿತು. ಅಕ್ಕ ಉಗುರಿನಿಂದ ಕೆರೆದಳು, ಮೂಸಿದಳು, ಬೆಳಕಿಗೆ ಹಿಡಿದಳು. ನಂತರ ಬಳಗದಲ್ಲಿ 'ಕೊನೆಯ ತಿರುವು' ಒಂದೇ ಸಾಲು ಬರೆಯಿತು: 'ಒಳಗೆ ಕಡುನೀಲಿ ಬಳಿಯುತ್ತಿದ್ದಾರೆ. ಸಮುದ್ರವೇ ಇರಬೇಕು.'

ಬಳಗ ಹುಚ್ಚೆದ್ದಿತು. ಡಾಕ್ಟರು ಆ ನೀಲಿಗೆ ರೆಕ್ಕೆಪುಕ್ಕ ಕಟ್ಟಿ, ಸಮುದ್ರದಾಳದಲ್ಲಿ ಮುಳುಗಿದ ಸಾಮ್ರಾಜ್ಯವೊಂದನ್ನೇ ಎಬ್ಬಿಸಿದರು. ಗೇಟಿನೊಳಗೆ ದಪ್ಪ ಪೈಪು ಹೋಗಿದ್ದನ್ನು ಕಣ್ಣಾರೆ ಕಂಡೆನೆಂದು ಡ್ರೈವರು ಪ್ರಮಾಣ ಮಾಡಿದ. ಮಾಟಗಾತಿಯನ್ನು ಜಲರಾಕ್ಷಸಿ ಮಾಡುತ್ತಾರೋ, ಮತ್ಸ್ಯಕನ್ಯೆ ಮಾಡುತ್ತಾರೋ ಎಂಬ ಬಗ್ಗೆ ಬಳಗ ಎರಡು ಹೋಳಾಯಿತು. ಅಕ್ಕ ಮತ್ಸ್ಯಕನ್ಯೆಯ ಪಕ್ಷ. ಯಾಕೆಂದು ಬೇರೆ ಹೇಳಬೇಕಿಲ್ಲ.

ಅಷ್ಟರಲ್ಲಿ ಅಂಗಿಯ ಮೇಲೆ ಹಸಿರು ಬಂತು. ಸಮುದ್ರ ಇಂಗಿ ಕಾಡು ಬೆಳೆಯಿತು. ಆಮೇಲೆ ಕೆಂಪು ಬಂತು. ಕಾಡಿಗೆ ಬೆಂಕಿ ಹತ್ತಿ ಜ್ವಾಲಾಮುಖಿಯಾಯಿತು. ಡಾಕ್ಟರು ಪ್ರತಿ ಸಲವೂ 'ನಾನು ಮೊದಲೇ ಹೇಳಿದ್ದೆ' ಎಂದು ಬರೆಯುತ್ತಿದ್ದರು. ಅಕ್ಕನಿಗೆ ಮಾತ್ರ ತಲೆ ಕೆಟ್ಟುಹೋಗಿತ್ತು. ಸಾಲದ್ದಕ್ಕೆ ಅವಳ ಕನ್ನಡಕವೂ ಒಂದು ದಿನ ಕಾಣೆಯಾಯಿತು. ಮನೆ, ಅಂಗಡಿ ಎಲ್ಲ ಜಾಲಾಡಿದರೂ ಸಿಗಲಿಲ್ಲ. ಸಂಜೆ ಗಂಡ ಬಂದವನೇ ಮಂಚದ ಕೆಳಗೆ ಕೈ ಹಾಕಿ, "ಇಲ್ಲೇ ಇದೆಯಲ್ಲೇ," ಎಂದು ತೆಗೆದುಕೊಟ್ಟ.

ಊಟಕ್ಕೆ ಕೂತಾಗ ಅವನು ತುತ್ತು ಮರೆತು ಅವಳನ್ನೇ ನೋಡುವುದು ಬೇರೆ ಶುರುವಾಗಿತ್ತು. ಅಕ್ಕನಿಗೆ ಒಂದೇ ಯೋಚನೆ: ಗುಟ್ಟು ಬಯಲಾಗುತ್ತಿರುವುದು ನನ್ನಿಂದಲೇ ಎಂದು ಇವರಿಗೆ ಅನುಮಾನ ಬಂದಿದೆ!

"ಏನ್ರೀ ಹಾಗ್ ನೋಡ್ತೀರಾ?"

"ಏನಿಲ್ಲ. ಸ್ವಲ್ಪ ಆ ಕಡೆ ತಿರುಗು, ಬೆಳಕಿಗೆ ಅಡ್ಡ ಆಗ್ತಿದೀಯ."

ಅವಳು ತಿರುಗಿದಳು. ಅವನು ಇನ್ನೂ ನೋಡುತ್ತಲೇ ಇದ್ದ.

ಹಳದಿ ಬಣ್ಣದ ದಿನ ಎಲ್ಲ ಬಯಲಾಯಿತು. ಮರುಭೂಮಿ ಎಂದು ಬರೆಯಲು ಫೋನು ಕೈಗೆತ್ತಿಕೊಂಡವಳು ಕಲೆಯನ್ನು ಇನ್ನೊಮ್ಮೆ ನೋಡಿದಳು. ಬಣ್ಣ ಚಿಮ್ಮಿದರೆ ಹನಿಗೆ ಬಾಲವಿರುತ್ತದೆ, ಒರೆಸಿಕೊಂಡರೆ ಗೆರೆಯಿರುತ್ತದೆ. ಇದು ಜೇಬಿನ ಮೇಲೆ ನೀಟಾಗಿ ದುಂಡಗಿತ್ತು, ನಡುವೆ ಹೆಬ್ಬೆರಳಿನ ಗುರುತು ಅಚ್ಚೊತ್ತಿತ್ತು. ಅಂಗಿ ಹಿಡಿದುಕೊಂಡೇ ಗಂಡನ ಮುಂದೆ ಹೋಗಿ ನಿಂತಳು.

"ಇದು ನೀವು ಬೇಕಂತ್ಲೇ ಬಳ್ಕೊಂಡಿದ್ದು!"

"ಹ್ಞೂಂ," ಎಂದ ಗಂಡ.

"ಯಾವಾಗಿಂದ?"

"ಹಸಿರಿಂದ. ಟೀ ಟೈಮಲ್ಲಿ ಮೇಸ್ತ್ರಿ ನಿಮ್ಮ ಬಳಗದ್ದು ಓದಿ ಹೇಳ್ತಾನೆ. ಒಳಗೆ ಕಡುನೀಲಿ ಬಳೀತಿದಾರೆ ಅಂತ ಯಾರೋ ಬರೆದಿದ್ರು. ಅವತ್ತು ಇಡೀ ವರ್ಕ್‌ಶಾಪಲ್ಲಿ ನೀಲಿ ಮುಟ್ಟಿದೋನು ನಾನೊಬ್ನೇ. ಇನ್ಯಾರಿಗೂ ಹೊಳೀಲಿಲ್ಲ, ನನ್ನ ಪುಣ್ಯ. ಅದಕ್ಕೆ ದಿಕ್ಕು ತಪ್ಸೋಣ ಅಂತ ದಿನಕ್ಕೊಂದು ಬಣ್ಣ ಹಚ್ಕೊಂಡೆ."

"ಅಂದ್ರೆ ನೀಲಿಯಾದ್ರೂ ನಿಜ ತಾನೇ? ಸಮುದ್ರ ತಾನೇ?"

"ಕಕ್ಕಸಿನ ಬಾಗಿಲಿಗೆ ಹೊಡೆದಿದ್ದು ಕಣೇ."

ಅಕ್ಕ ಕುರ್ಚಿಗೆ ಕುಸಿದಳು. ಡಾಕ್ಟರ ಇಡೀ ಜಲಸಾಮ್ರಾಜ್ಯ ಕಕ್ಕಸಿನ ಬಾಗಿಲ ಮೇಲೆ ನಿಂತಿತ್ತು! ನಗು ಬಂತು, ತಡೆಯಲಾಗಲಿಲ್ಲ. ನಕ್ಕು ಮುಗಿದ ಮೇಲೆ ಮೆಲ್ಲಗೆ ಕೇಳಿದಳು: "ಹೋಗ್ಲಿ, ಒಂದೇ ಒಂದು ಹೇಳಿ. ಅವಳು ಇರ್ತಾಳಾ, ಇಲ್ವಾ?"

ಗಂಡ ಮಾತು ಕೊಟ್ಟ ಪ್ರಾಣಿ. ಎದ್ದು ಕೈ ತೊಳೆಯಲು ಹೋದ. ಈಚೆಗೆ ಅವನು ಕೈ ತೊಳೆಯಲು ಬಹಳ ಹೊತ್ತು ತೆಗೆದುಕೊಳ್ಳುತ್ತಿದ್ದ. ಉಗುರಿನ ಸಂದಿಯಲ್ಲಿ ಬೂದುಬಣ್ಣದ್ದೇನೋ ಮೆತ್ತಿರುತ್ತಿತ್ತು. ಅಕ್ಕ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅವಳ ವಿದ್ಯೆಯೆಲ್ಲ ಬಟ್ಟೆಯದು, ಕೈಗಳು ಲಾಂಡ್ರಿಗೆ ಬರುವುದಿಲ್ಲವಲ್ಲ.

ಅದೇ ವಾರ ಡ್ರೈವರು ಒಂದು ಫೋಟೋ ಹಾಕಿದ. ಹಿಂದಿನ ಗೇಟಿನಿಂದ ಹೊರಟ ಗುಜರಿ ಲಾರಿ. ಮುರಿದ ಹಲಗೆ, ತುಕ್ಕು ಹಿಡಿದ ಕೊಪ್ಪರಿಗೆಗಳ ನಡುವೆ ಮಾಟಗಾತಿಯ ತಲೆ ಅಂಗಾತ ಬಿದ್ದಿತ್ತು. ಮೂಗು ಮುರಿದಿತ್ತು. ಆ ಉದ್ದ ಮೂಗು ಹೋದಮೇಲೆ ಅದು ಥೇಟು ಅವಳೇ, ಕಿಟಕಿಯ ಪಕ್ಕ ಕತ್ತು ನೆಟ್ಟಗೆ ಮಾಡಿ ಕೂತಿದ್ದ ಹುಡುಗಿ.

'ಅಂತೂ ಮುದುಕಿ ತೊಲಗಿದಳು!' ಎಂದು ಡಾಕ್ಟರು ಬರೆದರು. ಹತ್ತಾರು ಜನ ಚಪ್ಪಾಳೆ ತಟ್ಟಿದರು.

ಅಕ್ಕ ಬಳಗದಿಂದ ಹೊರಬಿದ್ದಳು. ಅಂಗಡಿಯಲ್ಲಿ ಇಸ್ತ್ರಿ ಮಾಡುತ್ತ ಮಾಡುತ್ತ ಅತ್ತಳು. ಯಾರದೋ ಮೇಜುಬಟ್ಟೆಯ ಮೇಲೆ ಕಣ್ಣೀರು ಬಿದ್ದು ಚುರ್ರೆಂದಿತು. ಗಂಡ ಮನೆಗೆ ಬಂದಾಗ ಅವಳ ಮುಖ ಊದಿಕೊಂಡಿತ್ತು.

"ನನ್ನ ತಲೆನ ಗುಜರಿಗೆ ಹಾಕಿದ್ರಲ್ರೀ! ಒಂದು ಮಾತು ಹೇಳ್ಬಾರ್ದಿತ್ತಾ?"

"ಅದು ಹಳೇದಾಗಿತ್ತು ಕಣೇ. ಒಳಗೆಲ್ಲ ಬಿರುಕು ಬಿಟ್ಟಿತ್ತು."

"ನಾನೂ ಹಳೇದಾಗಿದೀನಿ. ನನ್ನೂ ಲಾರಿಗೆ ಹಾಕ್ಬಿಡಿ. ಹೇಗೂ ನೀವು ನನ್ನ ಮುಖ ನೋಡಿ ಯಾವ ಕಾಲ ಆಯ್ತೋ!"

ಗಂಡ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ನೀರಿನಿಂದ ಹೊರಗೆ ಬಿದ್ದ ಮೀನೂ ಅಷ್ಟು ಒದ್ದಾಡುತ್ತಿರಲಿಲ್ಲ. ಕೊನೆಗೆ, "ಭಾನುವಾರ ಓಪನಿಂಗ್ ಇದೆ, ಮನೆಯವರ‍್ನೂ ಕರೆದಿದಾರೆ. ಬಾ," ಎಂದ.

"ನಾನು ಸತ್ರೂ ಬರಲ್ಲ," ಎಂದಳು ಕಡ್ಡಿ ಮುರಿದ ಹಾಗೆ.

ಭಾನುವಾರ ಎಲ್ಲರಿಗಿಂತ ಮೊದಲು ಸಾಲಿನಲ್ಲಿ ನಿಂತಿದ್ದವಳು ಅವಳೇ. ತಗಡಿನ ಬೇಲಿ ಹೋಗಿತ್ತು. ಬಾಗಿಲ ಮೇಲೆ ಬೆಳ್ಳಿಯ ಅಕ್ಷರ: 'ಅಂತರಿಕ್ಷ ನಿಲ್ದಾಣ'. ಸಮುದ್ರವಿಲ್ಲ, ಕಾಡಿಲ್ಲ, ಜ್ವಾಲಾಮುಖಿಯಿಲ್ಲ. ಹಿಂದೆಲ್ಲೋ ಸಾಲಿನಲ್ಲಿ ಡಾಕ್ಟರ ದನಿ ಕೇಳಿಸಿತು: "ನಾನು ಮೊದಲೇ ಹೇಳಿದ್ದೆ."

ಗಂಡ ಪಕ್ಕದಲ್ಲಿ ಬಂದು ಕೂತ. ಗಾಡಿ ಕತ್ತಲೆಗೆ ನುಗ್ಗಿತು. ಬಾವಲಿಗಳಿದ್ದ ಜಾಗದಲ್ಲಿ ಉಲ್ಕೆಗಳು, ಅಸ್ಥಿಪಂಜರಗಳಿದ್ದಲ್ಲಿ ಮಿಣಮಿಣ ದೀಪದ ಯಂತ್ರಗಳು. ಅಕ್ಕ ಯಾವುದನ್ನೂ ನೋಡಲಿಲ್ಲ. ಕೊನೆಯ ತಿರುವು ಹತ್ತಿರವಾದಂತೆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ಹಳಿ ಕಿರ್ರೆಂದಿತು.

"ಕಣ್ ಬಿಡೇ," ಎಂದ ಗಂಡ.

ದೊಡ್ಡ ಮೇಜಿನ ಹಿಂದೆ ನಿಲ್ದಾಣದ ಕ್ಯಾಪ್ಟನ್ ಎದ್ದು ನಿಂತಿದ್ದಳು. ನರೆತ ಕೂದಲನ್ನು ಹಿಂದಕ್ಕೆ ಎಳೆದು ಗಂಟು ಹಾಕಿದ್ದಳು. ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಕಣ್ಣಿನ ಪಕ್ಕದ ನೆರಿಗೆ, ಗಲ್ಲದ ಕೆಳಗೆ ಜೋತ ಇನ್ನೊಂದು ಗಲ್ಲ, ಎಡಗೆನ್ನೆಯ ಮಚ್ಚೆ, ಒಂದನ್ನೂ ಬಿಟ್ಟಿರಲಿಲ್ಲ. ಒಂದು ಹುಬ್ಬು ಮೇಲೆತ್ತಿ, ನಕ್ಷತ್ರಗಳಿಗೆ ಮಸಿ ಬಳಿದು ಬಂದವರೇ ಈ ಪ್ರಯಾಣಿಕರು ಎಂಬಂತೆ ನೋಡುತ್ತಿದ್ದಳು. ಹಿಂದಿನ ಗಾಡಿಯ ಮಕ್ಕಳು ಚೀರಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಕೂತರು.

ಗಾಡಿ ಹೊರಗಿನ ಬೆಳಕಿಗೆ ಬಂದು ನಿಂತಿತು. ಅಕ್ಕನಿಗೆ ಇಳಿಯುವುದೇ ಮರೆತುಹೋಗಿತ್ತು. ಗಂಡನ ಕೈ ಹಿಡಿದುಕೊಂಡಳು, ಮೊದಲ ಸಲವೆಂಬಂತೆ ಅವನ ಉಗುರು ನೋಡಿದಳು. ಸಂದಿಯಲ್ಲಿ ಇನ್ನೂ ಬೂದು ಜೇಡಿಮಣ್ಣಿತ್ತು.

"ಊಟ ಮಾಡ್ವಾಗ ನೋಡ್ತಿದ್ದಿದ್ದು ಇದಕ್ಕಾ?"

"ಹುಬ್ಬು ಸರಿ ಬರ್ತಿರ್ಲಿಲ್ಲ ಕಣೇ. ಎಷ್ಟು ಸಲ ಕಿತ್ತು ಮಾಡ್ದೆ!"

"ಕನ್ನಡಕ?"

"ನಾನೇ ಒಯ್ದಿದ್ದೆ. ಅಳತೆಗೆ."

"ಗಲ್ಲ ಇಷ್ಟೊಂದು ದಪ್ಪ ಇದೆಯೇನ್ರೀ ನಂದು?"

"ಈ ಸಲ ಯಾವುದನ್ನೂ ಉದ್ದ ಮಾಡಿಲ್ಲ, ದಪ್ಪ ಮಾಡಿಲ್ಲ," ಎಂದ ಗಂಡ. "ಇದ್ದ ಹಾಗೇ ಮಾಡಿದೀನಿ."

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಮತ್ತೊಂದು ಸುತ್ತಿಗೆಂದು ಅವನನ್ನು ಎಳೆದುಕೊಂಡು ಸಾಲಿನ ಬಾಲ ಹಿಡಿದಳು.

ಮರುದಿನ ಬೆಳಿಗ್ಗೆ ಡಾಕ್ಟರು ಕೋಟು ಹಿಡಿದುಕೊಂಡು ಅಂಗಡಿಗೆ ಬಂದರು. ಗುಹೆಯ ಗುಂಗು ಇನ್ನೂ ಇಳಿದಿರಲಿಲ್ಲ.

"ನಿಮಗೆ ಇದೆಲ್ಲ ಗೊತ್ತಾಗಲ್ಲ ಬಿಡಿ ಅಕ್ಕ. ಪಾರ್ಕಲ್ಲಿ ಒಬ್ಬಳು ಕ್ಯಾಪ್ಟನ್ನ ಇಟ್ಟಿದಾರೆ. ಅಬ್ಬಾ, ಏನು ಮುಖ! ಏನು ಗತ್ತು! ಯಾವುದೋ ದೇಶದ ಗಗನಯಾತ್ರಿಯದು ಅಂತ ನಾನು, ಇಲ್ಲ ನಟಿ ಅಂತ ಡ್ರೈವರು. 'ಕೊನೆಯ ತಿರುವು' ಅಂತ ಒಬ್ಬ ಎಂಜಿನಿಯರ್ ಇದ್ದ, ಇದ್ದಿದ್ರೆ ಹೇಳಿಬಿಡ್ತಿದ್ದ. ಎಲ್ಲಿ ಹೋದನೋ ಪುಣ್ಯಾತ್ಮ!"

ಮಾತು ಅಕ್ಕನ ಗಂಟಲಿನವರೆಗೆ ಬಂತು, ನಾಲಿಗೆಯ ತುದಿಗೂ ಬಂತು. ಅವಳು ಅದನ್ನು ನುಂಗಿಕೊಂಡು ಕೋಟು ಬಿಡಿಸಿದಳು. ತೋಳಿನ ತುಂಬ ಬೆಳ್ಳಿಯ ಬಣ್ಣ. ಒಣಗದ ಬಾಗಿಲು ಸವರಿ ಬಂದಿದ್ದರು. ಅಕ್ಕ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಒಂದು ಹುಬ್ಬು ಮೇಲೆತ್ತಿ ಅವರನ್ನು ನೋಡಿದಳು.

ಡಾಕ್ಟರು ತಮಗೇ ತಿಳಿಯದಂತೆ ಬೆನ್ನು ನೆಟ್ಟಗೆ ಮಾಡಿ ನಿಂತರು. "ಆ ಮುಖ ಎಲ್ಲೋ ನೋಡಿದೀನಿ ಕಣ್ರೀ," ಎಂದು ತಲೆ ಕೆರೆದುಕೊಂಡರು. "ಎಲ್ಲಿ ಅಂತ ಹೊಳೀತಿಲ್ಲ."

"ಹೊಳೆಯತ್ತೆ ಬಿಡಿ ಡಾಕ್ಟ್ರೇ," ಎಂದಳು ಅಕ್ಕ. "ಕೋಟು ಗುರುವಾರ ಕೊಡ್ತೀನಿ."