ಬಸವನ ಕೊರಳಿಗೆ ಮುಯ್ಯಿ ಶಲ್ಯ

ಅಕ್ಕಂದಿರೆ, ನಿಮ್ಮೂರಲ್ಲೂ ಒಬ್ಬ ದೇವರ ಬಸವ ಇರಬಹುದು. ನಮ್ಮ ಹದಿನಾರು ಗ್ರಾಮದಲ್ಲಿ ಇದ್ದಾನೆ. ಮೂಗುದಾರ ಇಲ್ಲ, ಹಗ್ಗ ಇಲ್ಲ, ಹೇಳುವವರಿಲ್ಲ, ಕೇಳುವವರಿಲ್ಲ. ಬೆಳಿಗ್ಗೆ ಒಂದೊಂದು ಬಾಗಿಲ ಮುಂದೂ ನಿಂತು ಕತ್ತು ಆಡಿಸುತ್ತಾನೆ. ಏನಾದರೂ ಬಾಯಿಗೆ ಬಿದ್ದರೇ ಮುಂದಿನ ಮನೆ. ಶಿವನ ವಾಹನವನ್ನು ಬರಿಗೈಲಿ ಕಳಿಸುವುದುಂಟೆ?

ನಮ್ಮ ಮಹಿಳಾ ಸಂಘದ ರುದ್ರಮ್ಮನೂ ಕಳಿಸಲಿಲ್ಲ. ಹಿಂದಿನ ದಿನ ಅವಳ ಹೊಸಮನೆಯ ಗೃಹಪ್ರವೇಶ ಆಗಿತ್ತು. ಅಡುಗೆ ಬೇಕಾದಷ್ಟು ಮಿಕ್ಕಿತ್ತು. ಬಸವ ಬಂದು ನಿಂತಾಗ ಅನ್ನ, ಪಾಯಸ ಎಲ್ಲವನ್ನೂ ದೊಡ್ಡ ಟಬ್ಬಿಗೆ ಸುರಿದು ಮುಂದಿಟ್ಟಳು. ಅವನು ತಳ ನೆಕ್ಕುವ ತನಕ ಕೈಮುಗಿದು ನಿಂತಿದ್ದಳು. ಹೊಸಮನೆಗೆ ಇದಕ್ಕಿಂತ ಒಳ್ಳೆಯ ಶಕುನ ಬೇಕೆ ಅಂತ ಅವಳ ಸಂತೋಷ.

ಮಧ್ಯಾಹ್ನದ ಹೊತ್ತಿಗೆ ಬಸವ ಅರಳಿಕಟ್ಟೆ ಹತ್ತಿರ ಕಾಲು ಕೆದರುತ್ತಾ ನರಳುತ್ತಿದ್ದ. ಎಡಗಡೆ ಹೊಟ್ಟೆ ತಮಟೆಯ ಹಾಗೆ ಬಿಗಿದುಕೊಂಡಿತ್ತು. ಬಾಯಲ್ಲಿ ಜೊಲ್ಲು. ಊರಿಗೆ ಊರೇ ಸೇರಿತು.

ರುದ್ರಮ್ಮನ ಗಂಡ ಬೆಟ್ಟಸ್ವಾಮಿ ಮೊಬೈಲ್ ತೆಗೆದ. ಮೈಸೂರಿನಲ್ಲಿ ಪ್ರಾಣಿಗಳನ್ನು ಕಾಪಾಡುವ ಒಂದು ಟ್ರಸ್ಟ್ ಇದೆ. ಹೋದ ವರ್ಷ ಬಸವನ ಕಾಲಿಗೆ ಗಾಯವಾದಾಗ ಬಂದಿದ್ದರು, ನಂಬರ್ ಇತ್ತು. ಮೊದಲು ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದ. "ಗಾಡಿ ಕೋಟೆ ತಾಲ್ಲೂಕಿನ ಕಡೆ ಹೋಗಿದೆ ಸಾರ್, ನಾಳೆ ಬರ್ತೀವಿ" ಅಂದರು.

ಬೆಟ್ಟಸ್ವಾಮಿಗೆ ಸಿಟ್ಟು ನೆತ್ತಿಗೇರಿತು. "ನಾಳೆ ಬಂದು ಏನ್ ಮಾಡೀರಿ, ಮಣ್ ಮಾಡೀರಾ? ಫೋಟೋ ಇಡ್ಯಕೆ, ಚಂದಾ ಎತ್ತಕೆ ಮಾತ್ರ ಇವ್ರು! ಓದ್ ವರ್ಸನೂ ಬಂದ್ರು, ನೋಡ್ಕಂಡು ಓದ್ರು. ಯಾರ್ನೂ ನಂಬ್ಬಾರ್ದು ಕಣ್ರಲಾ!"

ಅಲ್ಲಿದ್ದವರೆಲ್ಲ ಒಂದೊಂದು ಒಗ್ಗರಣೆ ಹಾಕಿದರು. ಬೈಗುಳ ಚೆನ್ನಾಗಿಯೇ ಇತ್ತು. ಆದರೆ ಬೈಗುಳಕ್ಕೆ ಬಸವನ ಹೊಟ್ಟೆ ಇಳಿಯುತ್ತದೆಯೇ?

ಗುಡಿಯ ಹಿರಿಯ ಚಿಕ್ಕಬಸಪ್ಪ ಬಿದಿರಿನ ಗೊಟ್ಟದಲ್ಲಿ ಎಣ್ಣೆ ತುಂಬಿಸಿಕೊಂಡು ಓಡಿಬಂದ. "ಕತ್ತು ಎತ್ತಿ ಇಡೀರಿ, ಉಯ್ದುಬುಡಾನ!"

"ಬ್ಯಾಡಿ ತಾತ!" ಅಂತ ಅಡ್ಡ ಬಂದವಳು ಕೋಮಲ. ಅವಳು ನಮ್ಮ ಪಶುಸಖಿ, ಮನೆಮನೆಗೂ ಬಂದು ದನಕರುಗಳ ಲಸಿಕೆ, ಕಾಯಿಲೆ ವಿಚಾರ ಹೇಳುವವಳು. "ಇಂಗೆ ನರಳೋವಾಗ ಉಯ್ದ್ರೆ ಎಣ್ಣೆ ಶ್ವಾಸಕ್ಕೆ ಓಯ್ತದೆ. ಒಟ್ಟೆ ಉಳುದ್ರೂ ಜೀವ ಉಳಿಯಕಿಲ್ಲ. ನಾನು ಸಾವಿರದ ಒಂಬೈನೂರ ಅರವತ್ತೆರಡಕ್ಕೆ ಫೋನ್ ಮಾಡಿದೀನಿ. ಸರ್ಕಾರದ ದನದ ಆಂಬುಲೆನ್ಸು, ಡಾಕ್ಟ್ರು ಒಂಟವ್ರೆ."

"ಅವ್ರೂ ಅಂಗೇಯ!" ಅಂದ ಬೆಟ್ಟಸ್ವಾಮಿ.

"ಬೈಯೋದು ಆಮೇಕೆ ಅಣ್ಣ. ಎರಡು ಕೆಲ್ಸ ಏಳವ್ರೆ. ಏನ್ ತಿಂದದೆ ಅಂತ ತಿಳ್ಕಬೇಕಂತೆ. ಎಲ್ಗೂ ಓಗ್ದಂಗೆ ಕಟ್ಟಾಕಬೇಕಂತೆ."

ಕಟ್ಟುವುದು ಅಂದ ಕೂಡಲೇ ಎಲ್ಲರೂ ಗುಡಿ ಕಡೆ ತಿರುಗಿ ಕೈಮುಗಿದರು. ದೇವರ ಬಸವನ ಕೊರಳಿಗೆ ಹಗ್ಗ ಹಾಕಿದವರಿಗೆ ಒಳ್ಳೆಯದಾಗುವುದಿಲ್ಲ ಅನ್ನುವುದು ನಮ್ಮ ತಾತಂದಿರ ಕಾಲದ ನಂಬಿಕೆ.

"ದೇವ್ರಿಗೇ ಅಗ್ಗ ಆಕದ? ನಿಂಗೇನ್ ತಲೆ ಕೆಟ್ಟದಾ?" ಅಂದ ಬೆಟ್ಟಸ್ವಾಮಿ.

ಕೋಮಲ ಅವನ ಮುಂದೆ ಬಂದು ನಿಂತಳು. "ಅಣ್ಣ, ಓದ್ ವರ್ಸ ಟ್ರಸ್ಟ್‌ನೋರು ಯಾಕ್ ವಾಪಸ್ ಓದ್ರು? ನೀನೇ ಏಳು. ಅಗ್ಗ ಆಕ್ತೀವಿ ಅಂದಾಗ ಅಡ್ಡ ನಿಂತೋನು ನೀನಲ್ವಾ? ಬಸ್ವ ಕಬ್ಬಿನ ಗದ್ದೆಗೆ ನುಗ್ದ. ಪಾಪ, ಸಂಜೆಗಂಟ ಬದಿನ ಮ್ಯಾಲೆ ಕಾಯ್ಕಂಡು ಕುಂತಿದ್ರು. ಇವತ್ತು ಬರ್ದೆ ಇರೋದು ಅವ್ರ ತಪ್ಪು, ನಂಗೂ ಸಿಟ್ಟೇಯ. ಅವತ್ತಿಂದು ಯಾರ್ ತಪ್ಪು?"

ಅಷ್ಟರಲ್ಲಿ ಬಸವನ ಮುಂಗಾಲು ಮಡಿಚಿಕೊಂಡಿತು. ಮಲಗಿಬಿಟ್ಟರೆ ಮತ್ತೆ ಏಳುವುದು ಕಷ್ಟ ಅಂತ ಕೋಮಲ ಅವನ ಬೆನ್ನು ತಟ್ಟಿ ತಟ್ಟಿ ನಿಲ್ಲಿಸುತ್ತಿದ್ದಳು. "ಯಾರ್ ಏನ್ ಕೊಟ್ರಿ, ಏಳ್ರಪ್ಪ!" ಅಂತ ಕೂಗುತ್ತಿದ್ದಳು.

ರುದ್ರಮ್ಮ ಗುಂಪಿನ ಹಿಂದೆ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. ಹೊಸಮನೆಯವಳು ಬಸವನನ್ನು ಕೊಂದಳು ಅಂತ ಊರೆಲ್ಲ ಆಡಿಕೊಂಡರೆ ಆ ಮನೆಯಲ್ಲಿ ಬಾಳುವುದು ಹೇಗೆ? ಆದರೂ ಮುಂದೆ ಬಂದಳು, ಎಲ್ಲರ ಎದುರಿಗೆ ಬಂದಳು. ಅದಕ್ಕೆ ಎಷ್ಟು ಧೈರ್ಯ ಬೇಕು ನೀವೇ ಯೋಚಿಸಿ.

"ನಾನೇ ಕಣವ್ವ ಕೋಮಲ. ಮಿಕ್ಕಿದ್ ಅನ್ನ, ಪಾಯ್ಸ ಎಲ್ಲಾ ಇಕ್ಬುಟ್ಟೆ. ಟಬ್ಬಿನ ತುಂಬ. ಬಸಪ್ಪ ತೃಪ್ತಿಯಾಗ್ ತಿನ್ಲಿ ಅಂತ..." ಅಳು ಬಂತು.

ಕೋಮಲ ಅವಳ ಕೈ ಹಿಡಿದುಕೊಂಡಳು. "ಏಳುದ್ಯಲ್ಲ, ಅದೇ ದೊಡ್ಡದು ಕಣಕ್ಕ. ಡಾಕ್ಟ್ರಿಗೆ ಈಗ್ಲೇ ಏಳ್ತೀನಿ."

ಹೆಂಡತಿಯ ಕಣ್ಣೀರು ನೋಡಿ ಬೆಟ್ಟಸ್ವಾಮಿ ಮನೆ ಕಡೆ ಓಡಿದ. ಸಿಟ್ಟಾದ ಅಂದುಕೊಂಡೆವು. ಬಂದಾಗ ಒಂದು ಕೈಯಲ್ಲಿ ಹಗ್ಗ. ಇನ್ನೊಂದರಲ್ಲಿ, ಹಿಂದಿನ ದಿನ ಬೀಗರು ಮುಯ್ಯಿ ಅಂತ ಉಡುಗೊರೆ ಕೊಟ್ಟಿದ್ದ ಜರಿ ಅಂಚಿನ ಹೊಸ ಶಲ್ಯ. ಮಡಿಕೆ ಕೂಡ ಬಿಚ್ಚಿರಲಿಲ್ಲ.

ಶಲ್ಯವನ್ನು ಬಸವನ ಕೊರಳಿಗೆ ಸುತ್ತಿ ಕೈಮುಗಿದ. "ನಿಂಗೇ ಮರ್ವಾದೆ ಕಣಪ್ಪ ಇದು. ಕ್ಷಮಿಸ್ಬುಡು" ಅಂದ. ಆಮೇಲೆ ಶಲ್ಯದ ಮೇಲೆ ಹಗ್ಗ ಹಾಕಿದ. ಚಿಕ್ಕಬಸಪ್ಪ ಗೊಟ್ಟ ಕೆಳಗಿಟ್ಟು ಹಗ್ಗದ ಇನ್ನೊಂದು ತುದಿ ಹಿಡಿದುಕೊಂಡ. ಮುಂಗಾಲು ಎತ್ತರದಲ್ಲಿರಲಿ ಅಂತ ಬಸವನನ್ನು ಕಟ್ಟೆಯ ಏರಿಗೆ ನಿಲ್ಲಿಸಿದರು. ಆಂಬುಲೆನ್ಸಿನವರು ದಾರಿ ತಪ್ಪದಿರಲಿ ಅಂತ ನಾನು ಮೇನ್ ರೋಡಿಗೆ ಹೋಗಿ ನಿಂತೆ.

ಡಾಕ್ಟರು ಇಳಿಯುತ್ತಲೇ ಕೆಲಸ ಶುರುಮಾಡಿದರು. ಬಾಯಿಂದ ಕೊಳವೆ ಇಳಿಸಿದಾಗ ಬುಸ್ ಅಂತ ಗಾಳಿ ಹೊರಟಿತು. ಆ ಹುಳಿ ನಾತಕ್ಕೆ ಅರ್ಧ ಊರು ಹಿಂದಕ್ಕೆ ಸರಿಯಿತು. ಡ್ರಿಪ್ ಹಾಕಿದರು. "ಅನ್ನ, ಪಾಯಸ ಜಾಸ್ತಿ ತಿಂದರೆ ದನದ ಹೊಟ್ಟೆಯಲ್ಲಿ ಹುಳಿಯಾಗುತ್ತೆ, ಜೀವಕ್ಕೇ ಅಪಾಯ. ಏನು ತಿಂದಿದೆ ಅಂತ ಮೊದಲೇ ಹೇಳಿದಿರಿ, ಹಿಡಿದುಕೊಂಡೂ ಇದ್ದಿರಿ. ಅದಕ್ಕೇ ಬದುಕಿತು" ಅಂದರು. ಹೊತ್ತು ಇಳಿಯುವಾಗ ಬಸವ ಒಂದು ಸಲ ಜೋರಾಗಿ ತೇಗಿದ. ರುದ್ರಮ್ಮ ಅಳುತ್ತಲೇ ನಕ್ಕಳು.

ಮಾರನೆ ದಿನ ಟ್ರಸ್ಟ್ ಗಾಡಿ ಬಂತು. ಬೆಟ್ಟಸ್ವಾಮಿ ಬಿಡುತ್ತಾನೆಯೇ? "ನೀವು ನಾಳೆ ಅಂದ್ರೆ ಆ ಜೀವ ನಾಳೆಗಂಟ ಇರ್ಬೇಕಲ್ಲವ್ವ?" ಅಂದ.

ಗಾಡಿಯಿಂದಿಳಿದ ಹುಡುಗಿ ರಮ್ಯ ವಾದ ಮಾಡಲಿಲ್ಲ. "ನಿಮ್ಮ ಸಿಟ್ಟು ಸರಿ ಅಣ್ಣ. ನಮ್ಮದು ಇರೋದೊಂದೇ ಗಾಡಿ. ಆದ್ರೂ ಬರೋಕಾಗಲ್ಲ ಅಂದ ಮೇಲೆ ಇನ್ಯಾರಿಗೆ ಫೋನ್ ಮಾಡಬೇಕು ಅಂತ ನಾವು ಹೇಳಬೇಕಿತ್ತು. ಹೇಳಲಿಲ್ಲ. ಇನ್ಮೇಲೆ ಹೇಳ್ತೀವಿ."

ತಪ್ಪು ಒಪ್ಪಿಕೊಂಡವರ ಮೇಲೆ ಎಷ್ಟು ಹೊತ್ತು ರೇಗುವುದು? "ಓದ್ ವರ್ಸ ನಾವೂ ನಿಮ್ಮುನ್ನ ಬಿಸ್ಲಲ್ಲಿ ಕೂರಿಸ್ಬುಟ್ಟೋ, ಬನ್ನಿ, ಕಾಫಿ ಕುಡೀರಿ" ಅಂದ. ಕಾಫಿ ಕುಡಿದು ರಮ್ಯ, ಗಾಯವಾದ ದನವನ್ನು ಹಿಡಿಯುವುದು ಹೇಗೆ ಅಂತ ನಮ್ಮ ಸಂಘದವರಿಗೆಲ್ಲ ತೋರಿಸಿಕೊಟ್ಟಳು. ಟ್ರಸ್ಟ್‌ನವರು ಹೇಳಿದ ಮಾತು ಉಳಿಸಿಕೊಳ್ಳುತ್ತಾರೋ ಇಲ್ಲವೋ ಅಂತ ಬೆಟ್ಟಸ್ವಾಮಿ ಇನ್ನೂ ಕಾಯುತ್ತಿದ್ದಾನೆ. ಕಾಯಲಿ, ಕೇಳುವವರು ಇರಬೇಕು.

ಈಗ ಆ ಶಲ್ಯ, ಆ ಹಗ್ಗ ಗುಡಿಯ ಗೂಟದಲ್ಲೇ ನೇತಾಡುತ್ತಿವೆ. ಬಸವ ಈಗಲೂ ದಿನಾ ರುದ್ರಮ್ಮನ ಬಾಗಿಲಿಗೆ ಬರುತ್ತಾನೆ. ಅವಳು ಒಂದು ಹಿಡಿ ಹಸಿರು ಹುಲ್ಲು ಕೊಡುತ್ತಾಳೆ. ಅದನ್ನು ತಿಂದು, ಪಾಯಸ ಎಲ್ಲಿ ಅನ್ನುವ ಹಾಗೆ ಒಳಗೆ ಇಣುಕುತ್ತಾನೆ. "ಓಗ್ ಓಗು, ಬದುಕಿದ್ರೆ ಸಾಕು" ಅಂತ ಬೆನ್ನು ಸವರಿ ಕಳಿಸುತ್ತಾಳೆ.

ಅಕ್ಕಂದಿರೆ, ಹಬ್ಬ, ಮದುವೆಯಲ್ಲಿ ಮಿಕ್ಕ ಅಡುಗೆಯನ್ನು ದನದ ಮುಂದೆ ಸುರಿಯಬೇಡಿ. ದನಕರುವಿಗೆ ತೊಂದರೆಯಾದರೆ 1962ಕ್ಕೆ, ಇಲ್ಲವೇ ಹತ್ತಿರದ ಪಶು ಆಸ್ಪತ್ರೆಗೆ ಫೋನ್ ಮಾಡಿ. ಏನು ತಿಂದಿದೆ ಅಂತ ಮುಚ್ಚಿಡದೆ ಹೇಳಿ. ಬಾಯಿಗೆ ಏನನ್ನೂ ಹುಯ್ಯಬೇಡಿ. ಬರಬೇಕಾದವರು ಬರದಿದ್ದರೆ ಖಂಡಿತ ಕೇಳಿ, ಬೈಯಿರಿ, ನಾನು ಬೇಡ ಅನ್ನುವುದಿಲ್ಲ. ಆದರೆ ಅವರು ಬರುವ ತನಕ ಆ ಮೂಕಪ್ರಾಣಿಯ ಹತ್ತಿರ ಇರುವವರು ನಾವೇ. ಹಗ್ಗ ಹಿಡಿದುಕೊಂಡೇ ಬೈಯಿರಿ.